‘ಅಳತೆ ಸರಿ ಇದೆಯಾ ನೋಡುತ್ತದೆ’ ಎಂದು ಬರೆದರೆ ಸಾಲದು

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್. ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಕ, ಆಮಂತ್ರಣ ಪತ್ರಿಕೆ, ಇಂಥ ಕೆಲಸ. ಪುಟ ಕಟ್ಟುವುದು ಲುವಾಲೇಟೆಕ್‌ನಲ್ಲಿ, ಅಂದರೆ ಟೆಕ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರ್‌ಗೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಸೇರಿದ್ದರಲ್ಲಿ. ಆಪರೇಟರ್‌ಗಳು ಅಳತೆ ತಪ್ಪು ಹಾಕುತ್ತಾರೆಂದು ಲುವಾದಲ್ಲಿ ಮೂರು ಫಂಕ್ಷನ್ (ಒಂದೊಂದು ಕೆಲಸ ಮಾಡುವ ಸಣ್ಣ ಕೋಡ್) ಬರೆದಿದ್ದೇನೆ. ಈಸ್‌ಲೆಂಗ್ತ್ ಎನ್ನುವುದು ಕೊಟ್ಟದ್ದು ಅಳತೆ ಹೌದೋ ಅಲ್ಲವೋ ಹೇಳುತ್ತದೆ. ರೀಡ್‌ಲೆಂಗ್ತ್ ಅದನ್ನು ಸಂಖ್ಯೆಗೆ ಬದಲಿಸುತ್ತದೆ. ಚೆಕ್‌ಮಾರ್ಜಿನ್ ಅದು ಪುಟಕ್ಕೆ ಹೊಂದುತ್ತದಾ ನೋಡುತ್ತದೆ. ಮೂರರ ಮೇಲೂ ‘ಅಳತೆ ಸರಿ ಇದೆಯಾ ನೋಡುತ್ತದೆ’ ಎಂಬ ಒಂದೇ ಸಾಲಿನ ಕಾಮೆಂಟ್, ಅಂದರೆ ಕೋಡ್ ಓದುವವರಿಗಾಗಿ ಬರೆದ ಟಿಪ್ಪಣಿ, ಉಂಟು. ಈಗ ಹೊಸ ಹುಡುಗ ಒಬ್ಬ ಸೇರಿದ್ದಾನೆ, ದಿನಕ್ಕೆ ಹತ್ತು ಸಲ ಬಂದು ಕೇಳುತ್ತಾನೆ. ಡಾಕ್ಯುಮೆಂಟೇಶನ್ ಎಂದು ಎಷ್ಟು ಬರೆಯಬೇಕು, ಏನು ಬರೆಯಬೇಕು? ಕನ್ನಡದಲ್ಲೋ ಇಂಗ್ಲಿಷಿನಲ್ಲೋ?

ಉತ್ತರ:

ಮೊದಲು ಆ ಹುಡುಗನಿಗೆ ಒಂದು ಪುಸ್ತಕ ಕೊಡಿ. ಅವನು ಕೇಳುವ ಪ್ರಶ್ನೆಗಳನ್ನೆಲ್ಲ ಅವನೇ ಅದರಲ್ಲಿ ಬರೆದಿಡಲಿ. ಒಂದು ವಾರ ಸಾಕು. ನೀವು ಬರೆಯಬೇಕಾದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಸಿಗುತ್ತದೆ. ಫಂಕ್ಷನ್ ಏನು ಮಾಡುತ್ತದೆ ಎಂದು ಅವನು ಕೇಳುತ್ತಿರಲಿಕ್ಕಿಲ್ಲ, ಅದು ಹೆಸರಿನಲ್ಲೇ ಉಂಟು. ಯೂನಿಟ್ ಹಾಕದಿದ್ದರೆ ಏನಾಗುತ್ತದೆ, ಸೊನ್ನೆ ಕೊಡಬಹುದಾ, ತಪ್ಪು ಎಂದು ಗೊತ್ತಾದ ಮೇಲೆ ಕೆಲಸ ನಿಲ್ಲುತ್ತದಾ ಮುಂದೆ ಹೋಗುತ್ತದಾ, ಇಂಥದ್ದೇ ಕೇಳುತ್ತಿರಬೇಕು ಅಲ್ವಾ?

ನಿಮ್ಮ ಕಾಮೆಂಟಿನಲ್ಲಿ ತೊಂದರೆ ಇರುವುದು ‘ಸರಿ’ ಎಂಬ ಶಬ್ದದಲ್ಲಿ. ನಿಮ್ಮ ಮೂರು ಫಂಕ್ಷನ್‌ಗಳಲ್ಲಿ ಅದಕ್ಕೆ ಮೂರು ಅರ್ಥ. ಮೊದಲನೆಯದರಲ್ಲಿ ಸರಿ ಎಂದರೆ ಬರೆದ ರೀತಿ ಸರಿ. ಎರಡನೆಯದರಲ್ಲಿ ಸಾಫ್ಟ್‌ವೇರ್‌ಗೆ ಆ ಅಳತೆ ಹಿಡಿಸುತ್ತದೆ ಎಂದು. ಮೂರನೆಯದರಲ್ಲಿ ಈ ಕೆಲಸಕ್ಕೆ, ಈ ಕಾಗದಕ್ಕೆ, ಈ ಬೈಂಡಿಂಗಿಗೆ ಅದು ಆಗುತ್ತದೆ ಎಂದು. ಯಾರಾದರೂ ಮಾರ್ಜಿನ್‌ಗೆ 300 ಸೆಂಟಿಮೀಟರ್ ಎಂದು ಹಾಕಿದರೆ ಮೊದಲ ಎರಡು ಫಂಕ್ಷನ್ ಸರಿ ಎನ್ನುತ್ತವೆ, ಮೂರನೆಯದು ಮಾತ್ರ ತಪ್ಪು ಎನ್ನುತ್ತದೆ. ಮೂರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿವೆ. ಆದರೆ ಕಾಮೆಂಟ್ ಓದಿದವನಿಗೆ ಒಂದೇ ಅಳತೆ ಎರಡು ಕಡೆ ಪಾಸಾಗಿ ಒಂದು ಕಡೆ ಫೇಲಾದದ್ದು ಕಾಣುತ್ತದೆ. ಅವನು ಓಡಿ ಬಂದು ಕೇಳದೆ ಇನ್ನೆಂತ ಮಾಡುವುದು?

ಹಾಗಾಗಿ ಪರೀಕ್ಷೆ ಮಾಡುವ ಫಂಕ್ಷನ್‌ನ ಡಾಕ್ಯುಮೆಂಟೇಶನ್‌ನಲ್ಲಿ ಮುಖ್ಯವಾಗಿ ಬರೆಯಬೇಕಾದ್ದು ಅದು ಯಾವುದನ್ನು ಒಳಗೆ ಬಿಡುವುದಿಲ್ಲ ಎಂಬುದು, ಯಾಕೆ ಬಿಡುವುದಿಲ್ಲ, ಬಿಡದಿದ್ದಾಗ ಏನು ಮಾಡುತ್ತದೆ. ಬಿಡುವುದನ್ನು ಹೇಗೂ ಎಲ್ಲರೂ ಊಹೆ ಮಾಡುತ್ತಾರೆ. ಬಿಡದಿರುವುದನ್ನು ಊಹೆ ಮಾಡಲು ಹೋದಾಗಲೇ ಪುಸ್ತಕ ಹಾಳಾಗುವುದು.

ನನ್ನ ಅನುಭವ ಒಂದು ಹೇಳುತ್ತೇನೆ. ಮಂಗಳೂರಿನಲ್ಲಿ ಒಂದು ಪ್ರೆಸ್ಸಿಗೆ ನಾನು ಕೆಲಸ ಮಾಡಿಕೊಡುತ್ತಿದ್ದಾಗ ಒಂದು ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ ಬಂತು. ಒಳ ಮಾರ್ಜಿನ್ 18 ಮಿಲಿಮೀಟರ್ ಎಂದು ಮಾತಾಗಿತ್ತು. ಆಪರೇಟರ್ ಬರೀ 18 ಎಂದು ಹಾಕಿದರು, ಯೂನಿಟ್ ಇಲ್ಲ. ಅಲ್ಲಿ ಮಾರ್ಜಿನ್ ನೋಡುವ ಫಂಕ್ಷನ್ ಒಂದು ಮೊದಲೇ ಇತ್ತು. ಅದರ ಮೇಲೆ ‘ಮಾರ್ಜಿನ್ ಸರಿ ಇದೆಯಾ ನೋಡುತ್ತದೆ’ ಎಂದು ಬರೆದಿತ್ತು. ಯೂನಿಟ್ ಇಲ್ಲದ್ದನ್ನು ಅದು ಖಂಡಿತ ತಡೆಯುತ್ತದೆ ಎಂದು ನಾನು ತಿಳಿದಿದ್ದೆ. ಅದನ್ನು ಬರೆದವರು ತಿಳಿದದ್ದು ಬೇರೆ: ಯೂನಿಟ್ ಇಲ್ಲದಿದ್ದರೆ ಹೇಗೂ ಟೆಕ್ ಕೂಗುತ್ತದೆ, ನಾನ್ಯಾಕೆ ತಡೆಯಬೇಕು ಎಂದು. ಟೆಕ್ ಕೂಗಿತು ಸಹ. ಯೂನಿಟ್ ಇಲ್ಲದ ಅಳತೆ ಸಿಕ್ಕಿದರೆ ಟೆಕ್ ‘ಈ ಯೂನಿಟ್ ಆಗುವುದಿಲ್ಲ, ಪಿಟಿ ಸೇರಿಸಿದ್ದೇನೆ’ ಎಂಬ ಅರ್ಥದ ಒಂದು ಎರರ್ ಕೊಟ್ಟು, ಪಾಯಿಂಟ್ ಎಂದೇ ಹಿಡಿದು ಮುಂದೆ ಹೋಗುತ್ತದೆ. ಅಲ್ಲಿ ಎರರ್ ಬಂದರೂ ನಿಲ್ಲದ ಹಾಗೆ ಓಡಿಸುತ್ತಿದ್ದರು, ಎರರ್ ಬರೆದಿಡುವ ಲಾಗ್ ಫೈಲ್ ಯಾರೂ ನೋಡಲಿಲ್ಲ, ಪಿಡಿಎಫ್ ಬಂತು, ಪ್ಲೇಟ್ ಆಯಿತು. 18 ಪಾಯಿಂಟ್ ಎಂದರೆ ಸುಮಾರು 6.3 ಮಿಲಿಮೀಟರ್. ಬೈಂಡಿಂಗ್ ಆಗಿ ಬಂದಾಗ ಸಾಲಿನ ಮೊದಲಕ್ಷರ ಬೆನ್ನಿನ ಗಮ್ಮಿನೊಳಗೆ ಹೋಗಿತ್ತು. ದಾನಿಗಳ ಹೆಸರಿನ ಪಟ್ಟಿ ಇದ್ದ ಪುಟಗಳವು. ಕೋಡಿನಲ್ಲಿ ತಪ್ಪಿರಲಿಲ್ಲ ಮಾರಾಯ್ರೆ, ಬರೆದವರು ಅಂದುಕೊಂಡ ಹಾಗೆಯೇ ಅದು ನಡೆದಿತ್ತು. ‘ಯೂನಿಟ್ ಇಲ್ಲದ ಸಂಖ್ಯೆಯನ್ನು ಇದು ತಡೆಯುವುದಿಲ್ಲ’ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಅದಕ್ಕೇ ನಾನು ಯಾರದ್ದೇ ಇಂಥ ಫಂಕ್ಷನ್ ನೋಡಿದರೂ ಮೊದಲು ಯೂನಿಟ್ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ. ಯಾವ ಯೂನಿಟ್‌ಗಳು ನಡೆಯುತ್ತವೆ ಎಂದು ಒಂದೊಂದಾಗಿ ಹೆಸರು ಹಾಕಿ. ‘ಎಲ್ಲ ಮಾಮೂಲಿ ಯೂನಿಟ್‌ಗಳು’ ಎಂದು ಬರೆಯಬೇಡಿ. ಪಾಯಿಂಟ್ ಎಂಬ ಮಾಮೂಲಿ ಯೂನಿಟ್ಟೇ ಎಲ್ಲ ಕಡೆ ಒಂದೇ ಅಲ್ಲ. ಟೆಕ್‌ನ ಪಿಟಿ ಇಂಚಿಗೆ 72.27. ಪುಟ ಕಟ್ಟುವ ಬೇರೆ ಸಾಫ್ಟ್‌ವೇರ್‌ಗಳಾದ ಇನ್‌ಡಿಸೈನ್, ಟೈಪ್ಸ್ಟ್ ಮತ್ತು ವೆಬ್ ಪುಟಕ್ಕೆ ಬಳಸುವ ಸಿಎಸ್‌ಎಸ್ ಇವುಗಳ ಪಿಟಿ ಇಂಚಿಗೆ 72, ಟೆಕ್‌ನಲ್ಲಿ ಅದಕ್ಕೆ ಬಿಪಿ ಎಂದು ಬೇರೆ ಹೆಸರು. ವ್ಯತ್ಯಾಸ ಸಣ್ಣದು ಎಂದು ಬಿಡುವ ಹಾಗಿಲ್ಲ. ಎ4 ಕಾಗದದ ಎತ್ತರ 297 ಮಿಲಿಮೀಟರ್, ಅಂದರೆ 841.89 ಬಿಪಿ. ಇನ್‌ಡಿಸೈನ್‌ನಿಂದ ಈ 841.89 ಎಂಬ ಸಂಖ್ಯೆ ಎತ್ತಿ ತಂದು ಟೆಕ್‌ನಲ್ಲಿ ಪಿಟಿ ಎಂದು ಹಾಕಿದರೆ ಪುಟ 1.1 ಮಿಲಿಮೀಟರ್ ಗಿಡ್ಡ ಆಗುತ್ತದೆ. ಟ್ರಿಮ್ ಮಾಡುವವರಿಗೆ ಅದು ಗೊತ್ತಾಗುತ್ತದೆ. ನಿಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಪಿಟಿ ಎಂಬುದರ ಪಕ್ಕದಲ್ಲಿ ‘ಇಂಚಿಗೆ 72.27’ ಎಂದು ಬರೆದರೆ ಮುಗಿಯಿತು, ಎರಡು ಶಬ್ದದ ಕೆಲಸ.

ಎಮ್ ಎಂಬ ಯೂನಿಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಅಚ್ಚುಮೊಳೆಯ ಕೆಲಸ ಹಳೆಯದು, ಕಿಟೆಲರ ನಿಘಂಟು 1894ರಲ್ಲಿ ಬಂದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದಲೇ. ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರ್‌ಗಳು ‘ಸಾಲಿನ ಅಗಲ 24 ಎಮ್’ ಎಂದರೆ ಅದು ಪೈಕಾ ಎಮ್. ಒಂದು ಎಮ್‌ಗೆ 12 ಪಾಯಿಂಟ್, ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ ಅದು ಬದಲಾಗುವುದಿಲ್ಲ. 24 ಎಮ್ ಎಂದರೆ ಸುಮಾರು 4 ಇಂಚು. ಸಾಫ್ಟ್‌ವೇರ್‌ನ ಎಮ್ ಹಾಗಲ್ಲ, ಅದು ಆಗ ಬಳಕೆಯಲ್ಲಿರುವ ಫಾಂಟಿನ ಗಾತ್ರಕ್ಕೆ ಅಂಟಿಕೊಂಡದ್ದು. 10 ಪಾಯಿಂಟಿನ ಅಕ್ಷರ ಇದ್ದರೆ ಸಾಮಾನ್ಯವಾಗಿ 24 ಎಮ್ ಎಂದರೆ 240 ಪಾಯಿಂಟ್, 3.3 ಇಂಚು. ಇಬ್ಬರೂ ಎಮ್ ಎನ್ನುತ್ತಾರೆ, ಇಬ್ಬರೂ ಸರಿ, ಪುಟದಲ್ಲಿ ಇಂಚಿನ ಮೂರನೇ ಎರಡು ಪಾಲಿನಷ್ಟು ವ್ಯತ್ಯಾಸ. ನಿಮ್ಮ ಪ್ರೆಸ್ಸಿನಲ್ಲಿ ಹಳಬರು ಯಾರಾದರೂ ಇದ್ದರೆ ಇದನ್ನು ಬರೆಯಲೇಬೇಕು. ಇನ್ನು ಫೋನಿನಲ್ಲಿ ‘ಎರಡು ಎಂಎಂ’ ಎಂದದ್ದು ‘ಎರಡು ಎಮ್’ ಎಂದು ಕೇಳಿಸುವ ತೊಂದರೆ ಬೇರೆ. 12 ಪಾಯಿಂಟಿನ ಅಕ್ಷರದಲ್ಲಿ 2 ಎಮ್ ಎಂದರೆ 8 ಮಿಲಿಮೀಟರಿಗಿಂತ ಜಾಸ್ತಿ.

ಎಮ್ ತೆಗೆದುಕೊಳ್ಳುತ್ತೀರಿ ಎಂದಾದರೆ ಅದನ್ನು ಯಾವಾಗ ಲೆಕ್ಕ ಹಾಕುತ್ತೀರಿ ಎಂದೂ ಬರೆಯಬೇಕಾಗುತ್ತದೆ. ಶೀರ್ಷಿಕೆಯ ಫಾಂಟ್ ನಡೆಯುತ್ತಿರುವಾಗ ಫಂಕ್ಷನ್ ಕಾಲ್ ಆದರೆ ಒಂದು ಉತ್ತರ, ಒಳಪುಟದ ಫಾಂಟ್ ಇರುವಾಗ ಇನ್ನೊಂದು. ಅದೇ ಇನ್‌ಪುಟ್, ಅದೇ ಫಂಕ್ಷನ್, ಬೇರೆ ಉತ್ತರ. ಇಎಕ್ಸ್ ಇನ್ನೂ ಕಷ್ಟ, ಅದು ಇಂಗ್ಲಿಷಿನ ಎಕ್ಸ್ ಅಕ್ಷರದ ಎತ್ತರ, ಕನ್ನಡ ಪುಟಕ್ಕೆ ಅದರಿಂದ ಉಪಯೋಗ ಕಡಿಮೆ. ನನ್ನನ್ನು ಕೇಳಿದರೆ ಮಾರ್ಜಿನ್, ಪುಟದ ಅಳತೆ ಇವಕ್ಕೆ ಎಮ್ ಮತ್ತು ಇಎಕ್ಸ್ ಎರಡನ್ನೂ ಒಳಗೆ ಬಿಡಲೇಬೇಡಿ, ಬಿಡುವುದಿಲ್ಲ ಎಂದು ಬರೆಯಿರಿ. ಪ್ಯಾರಾದ ಮೊದಲ ಸಾಲು ಒಳಗೆ ಸರಿಸುವುದಕ್ಕೆ ಮಾತ್ರ ಎಮ್ ಒಳ್ಳೆಯದು.

ಈಗ ನಿಮ್ಮ ಲುವಾಕ್ಕೆ ಬರುತ್ತೇನೆ. ರೀಡ್‌ಲೆಂಗ್ತ್ ಒಳಗೆ ನೀವು ಲುವಾಲೇಟೆಕ್‌ನ ಒಳಗಿರುವ ಲುವಾಟೆಕ್‌ನದ್ದೇ ಆದ, ಅಳತೆಯನ್ನು ಸಂಖ್ಯೆಗೆ ಬದಲಿಸುವ ಟೆಕ್-ಡಾಟ್-ಎಸ್‌ಪಿ ಎಂಬ ಫಂಕ್ಷನ್ ಬಳಸುತ್ತಿರಬೇಕು, ಎಲ್ಲರೂ ಅದನ್ನೇ ಬಳಸುವುದು. ಅದರಲ್ಲಿ ಕಾಲು ಜಾರುವ ಒಂದು ಗುಂಡಿ ಉಂಟು. ಸ್ಟ್ರಿಂಗ್, ಅಂದರೆ ‘18 ಎಂಎಂ’ ಎಂಬಂಥ ಅಕ್ಷರಗಳ ಸಾಲು, ಕೊಟ್ಟರೆ ಟೆಕ್ ಓದುವ ಹಾಗೆಯೇ ಓದುತ್ತದೆ, ಯೂನಿಟ್ ತಪ್ಪಿದ್ದರೆ ಟೆಕ್‌ನದ್ದೇ ಎರರ್ ಕೊಡುತ್ತದೆ. ಆದರೆ ಸ್ಟ್ರಿಂಗ್ ಅಲ್ಲದೆ ಬರೀ ಸಂಖ್ಯೆ ಕೊಟ್ಟರೆ ಅದನ್ನು ಸ್ಕೇಲ್ಡ್ ಪಾಯಿಂಟ್ ಎಂದೇ ಹಿಡಿಯುತ್ತದೆ, ತಕರಾರು ಮಾಡುವುದಿಲ್ಲ. ಒಂದು ಪಾಯಿಂಟಿಗೆ 65536 ಸ್ಕೇಲ್ಡ್ ಪಾಯಿಂಟ್. ಹಾಗಾದರೆ 18 ಎಂಬ ಸಂಖ್ಯೆ ಕಣ್ಣಿಗೆ ಕಾಣದಷ್ಟು ಸಣ್ಣ ಅಳತೆ ಆಗುತ್ತದೆ, ಮಾರ್ಜಿನ್ ಸೊನ್ನೆ ಎಂದೇ ಲೆಕ್ಕ. ಹಾಗಾಗಿ ನಿಮ್ಮ ಫಂಕ್ಷನ್‌ಗೆ ಬರುವುದು ಸ್ಟ್ರಿಂಗೋ ಸಂಖ್ಯೆಯೋ, ಸಂಖ್ಯೆ ಬಂದರೆ ಎಂತ ಮಾಡುತ್ತೀರಿ, ಇದನ್ನು ಮೊದಲ ಮೂರು ಸಾಲಿನೊಳಗೆ ಬರೆಯಿರಿ.

ಇನ್ನೊಂದು ವಿಷಯ, ಟೆಕ್ ಏನೇನು ಒಪ್ಪುತ್ತದೆ ಎಂಬುದಕ್ಕೂ ನಿಮ್ಮ ಈಸ್‌ಲೆಂಗ್ತ್ ಏನೇನು ಒಪ್ಪುತ್ತದೆ ಎಂಬುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಟೆಕ್ ಬಹಳ ಧಾರಾಳಿ. ಸಂಖ್ಯೆಗೂ ಯೂನಿಟ್‌ಗೂ ನಡುವೆ ಸ್ಪೇಸ್ ಇದ್ದರೆ ಪರವಾಗಿಲ್ಲ, ಯೂನಿಟ್ ದೊಡ್ಡಕ್ಷರದಲ್ಲಿದ್ದರೂ ಪರವಾಗಿಲ್ಲ, ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿದರೂ ನಡೆಯುತ್ತದೆ. ಮೈನಸ್ ಎರಡು ಸಲ ಹಾಕಿದರೆ ಪ್ಲಸ್ ಎಂದು ತಿಳಿಯುತ್ತದೆ. ನೀವು ಲುವಾ ಪ್ಯಾಟರ್ನ್ (ಬರಹ ಹೇಗಿರಬೇಕೆಂದು ಹೇಳುವ ಮಾದರಿ) ಬರೆದು ಪರೀಕ್ಷೆ ಮಾಡಿದ್ದರೆ ಇವುಗಳಲ್ಲಿ ಕೆಲವನ್ನು ತಡೆಯುತ್ತೀರಿ. ತಡೆಯುವುದು ತಪ್ಪಲ್ಲ. 1,5 ಸೆಂಟಿಮೀಟರ್ ಎಂದರೆ ಒಂದೂವರೆಯೋ, ಅಥವಾ ಎರಡು ಅಂಕಿ ಹಾಕಲು ಹೋಗಿ ಕೈತಪ್ಪಿದ್ದೋ, ನಮಗೆ ಹೇಗೆ ಗೊತ್ತು? ಆದರೆ ‘ಟೆಕ್ ಒಪ್ಪಿದರೂ ನಾವು ಒಪ್ಪುವುದಿಲ್ಲ’ ಎಂದು ಬರೆದಿಡಿ. ಇಲ್ಲದಿದ್ದರೆ ಮುಂದೆ ಯಾರೋ ಒಬ್ಬ ಬಂದು ಇದು ಬಗ್ ಎಂದು ಸರಿ ಮಾಡಿಬಿಡುತ್ತಾನೆ.

ಕನ್ನಡ ಅಂಕಿಯ ವಿಚಾರ ಇಂಗ್ಲಿಷ್ ಮ್ಯಾನುವಲ್‌ಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ, ನಾವೇ ಬರೆಯಬೇಕು. ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಿ ಪದ್ಯದ ಸಂಖ್ಯೆ ೧, ೨, ೩ ಎಂದು ಟೈಪ್ ಮಾಡುತ್ತಿರುವ ಆಪರೇಟರ್ ಕೀಬೋರ್ಡ್ ಬದಲಿಸಲು ಮರೆತು ಅಳತೆಯನ್ನೂ ೧೨ ಎಂದೇ ಹಾಕುತ್ತಾರೆ. ಲುವಾ ಇದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ, ಸಂಖ್ಯೆಗೆ ಬದಲಿಸಲು ಹೇಳಿದರೆ ನಿಲ್, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ, ಕೊಡುತ್ತದೆ. ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಇದಕ್ಕೆ ಉಲ್ಟಾ, ೧೨.೫ ಕೊಟ್ಟರೆ ಸಲೀಸಾಗಿ 12.5 ಎಂದು ಓದುತ್ತದೆ. ನಾಳೆ ನೀವು ಇದೇ ಪರೀಕ್ಷೆಯನ್ನು ಪೈಥಾನ್‌ನಲ್ಲಿ ಬರೆದು ಆರ್ಡರ್ ತೆಗೆದುಕೊಳ್ಳುವ ಕಂಪ್ಯೂಟರಿನಲ್ಲಿ ಹಾಕಿದರೆ ಅಲ್ಲಿ ಪಾಸಾದದ್ದು ಇಲ್ಲಿ ಫೇಲಾಗುತ್ತದೆ. ಕನ್ನಡದ ಸೊನ್ನೆ, ಅನುಸ್ವಾರ, ಇಂಗ್ಲಿಷಿನ ಓ, ಈ ಮೂರೂ ಸ್ಕ್ರೀನಿನಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಅದೂ ಒಂದು. ವಾಟ್ಸಾಪ್‌ನಿಂದಲೋ ವರ್ಡ್‌ನಿಂದಲೋ ಕಾಪಿ ಮಾಡಿದಾಗ ಮಾಮೂಲಿ ಮೈನಸ್ ಬದಲು ಉದ್ದದ ಗೆರೆ ಬರಬಹುದು, ಮಾಮೂಲಿ ಸ್ಪೇಸ್ ಬದಲು ಮುರಿಯದ ಸ್ಪೇಸ್ ಬರಬಹುದು. ಕಣ್ಣಿಗೆ ಎಲ್ಲ ಸರಿ, ಫಂಕ್ಷನ್‌ಗೆ ಯಾವುದೂ ಸರಿ ಇಲ್ಲ. ನೀವು ಕನ್ನಡ ಅಂಕಿಯನ್ನು ಬದಲಿಸಿ ಒಪ್ಪಿಕೊಳ್ಳಬಹುದು, ತಡೆಯಲೂಬಹುದು. ನಾನು ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಕನ್ನಡ ಪುಸ್ತಕ ಮಾಡುವ ಕಡೆ ಕನ್ನಡ ಅಂಕಿ ತಪ್ಪು ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಉದ್ದದ ಗೆರೆಯನ್ನು ತಡೆಯುತ್ತೇನೆ. ನಿಮ್ಮ ತೀರ್ಮಾನ ಯಾವುದೇ ಇರಲಿ, ಅದು ಕಾಗದದ ಮೇಲೆ ಇರಲಿ.

ಮಿತಿ. ಟೆಕ್‌ಗೆ 16384 ಪಾಯಿಂಟಿಗಿಂತ ಕೂದಲೆಳೆ ಕಡಿಮೆಯಷ್ಟೇ ದೊಡ್ಡ ಅಳತೆ ಹಿಡಿಸುತ್ತದೆ, ಅಂದರೆ ಸುಮಾರು 5.76 ಮೀಟರ್. ಪುಸ್ತಕಕ್ಕೆ ಇದು ಯಾವತ್ತೂ ತಾಗುವುದಿಲ್ಲ. ಆದರೆ ಕಂಬಳದ್ದೋ ಮೇಳದ ಆಟದ್ದೋ 20 ಅಡಿಯ ಫ್ಲೆಕ್ಸ್ ಕೆಲಸ ಬಂತು ಎಂದಿಟ್ಟುಕೊಳ್ಳಿ, ಅದು 6 ಮೀಟರ್ ದಾಟುತ್ತದೆ, ‘ಅಳತೆ ತುಂಬ ದೊಡ್ಡದು’ ಎಂದು ಟೆಕ್ ನಿಲ್ಲುತ್ತದೆ. ಫ್ಲೆಕ್ಸ್ ಕೆಲಸವನ್ನು ಹತ್ತನೇ ಒಂದು ಪಾಲಿನ ಅಳತೆಯಲ್ಲಿ ಮಾಡಿ ಎಂದು ಒಂದು ಸಾಲು ಡಾಕ್ಯುಮೆಂಟೇಶನ್‌ನಲ್ಲೇ ಹಾಕಿಬಿಡಿ.

ಮಿತಿಯ ಜೊತೆಗೆ ದುಂಡು ಮಾಡುವ ವಿಚಾರ ಚಿಕ್ಕದಾಗಿ. ಟೆಕ್‌ಗೆ 1 ಇಂಚು ಕೊಟ್ಟು ವಾಪಸ್ ಪಾಯಿಂಟಿನಲ್ಲಿ ಕೇಳಿ ನೋಡಿ, 72.27 ಎನ್ನುವುದಿಲ್ಲ, 72.26999 ಎನ್ನುತ್ತದೆ. ಒಳಗೆ ಪೂರ್ಣಾಂಕದಲ್ಲಿ ಲೆಕ್ಕ ನಡೆಯುವುದರಿಂದ ಹಾಗೆ. ಅಚ್ಚಿಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ಎರಡು ಅಳತೆ ಸಮವೇ ಎಂದು ಹೋಲಿಸಿ ನೋಡುವ ಕೋಡ್ ಯಾರಾದರೂ ಬರೆದರೆ 1 ಇಂಚೂ 72.27 ಪಾಯಿಂಟೂ ಸಮ ಅಲ್ಲ ಎಂಬ ಉತ್ತರ ಬಂದು ತಲೆ ಕೆರೆದುಕೊಳ್ಳುತ್ತಾರೆ.

ತಪ್ಪಾದಾಗ ಏನಾಗುತ್ತದೆ ಎಂಬುದು ಯೂನಿಟ್‌ನಷ್ಟೇ ಮುಖ್ಯ. ಲುವಾದಲ್ಲಿ ಎರಡು ಪದ್ಧತಿ ಉಂಟು. ಒಂದು, ನಿಲ್ ಮತ್ತು ಅದರ ಜೊತೆ ಒಂದು ಸಂದೇಶ ವಾಪಸ್ ಕೊಡುವುದು. ಇನ್ನೊಂದು, ಎರರ್ ಎಬ್ಬಿಸಿ ಅಲ್ಲಿಗೇ ನಿಲ್ಲಿಸುವುದು. ಎರಡೂ ಒಳ್ಳೆಯವೇ. ಮೂರು ಫಂಕ್ಷನ್‌ನಲ್ಲಿ ಮೂರು ರೀತಿ ಮಾಡಿದರೆ ಮಾತ್ರ ಕಷ್ಟ. ಈಸ್‌ಲೆಂಗ್ತ್ ಹೆಸರಿಗೆ ತಕ್ಕ ಹಾಗೆ ಹೌದು ಅಥವಾ ಅಲ್ಲ ಎಂದಷ್ಟೇ ಹೇಳಲಿ, ಯಾವತ್ತೂ ಕೆಲಸ ನಿಲ್ಲಿಸದಿರಲಿ. ರೀಡ್‌ಲೆಂಗ್ತ್ ನಿಲ್ ಮತ್ತು ಸಂದೇಶ ಕೊಡಲಿ. ಇಲ್ಲಿ ಒಂದು ಎಚ್ಚರಿಕೆ: ಅದು ಟೆಕ್-ಡಾಟ್-ಎಸ್‌ಪಿಗೆ ಕೊಡುವ ಮೊದಲೇ ಈಸ್‌ಲೆಂಗ್ತ್‌ನಿಂದ ನೋಡಿಸಬೇಕು, ಇಲ್ಲದಿದ್ದರೆ ಟೆಕ್‌ನ ಎರರ್ ಮೊದಲು ಬರುತ್ತದೆ, ನಿಮ್ಮ ನಿಲ್‌ಗೆ ಅರ್ಥ ಉಳಿಯುವುದಿಲ್ಲ. ಚೆಕ್‌ಮಾರ್ಜಿನ್ ನಿಲ್ಲಿಸಿಯೇ ಬಿಡಲಿ, ಯಾಕೆಂದರೆ ಮಾರ್ಜಿನ್ ತಪ್ಪಿದ ಪಿಡಿಎಫ್ ಬರದಿರುವುದೇ ಒಳ್ಳೆಯದು. ಮತ್ತೆ ಸೊನ್ನೆ. ರೀಡ್‌ಲೆಂಗ್ತ್‌ಗೆ 0 ಮಿಲಿಮೀಟರ್ ಕೊಟ್ಟರೆ 0 ಬರುತ್ತದೆ, ಅದು ಸರಿಯಾದ ಉತ್ತರ. ಲುವಾದಲ್ಲಿ 0 ಎಂಬುದು ಷರತ್ತಿನಲ್ಲಿ ನಿಜ ಎಂದೇ ಲೆಕ್ಕ, ಹಾಗಾಗಿ ತೊಂದರೆ ಇಲ್ಲ. ಪೈಥಾನ್ ಕಲಿತು ಬಂದ ಹುಡುಗನಿಗೆ 0 ಎಂದರೆ ಸುಳ್ಳು. ಅವನು ಓದುವಾಗ ಗಾಬರಿ ಆಗದ ಹಾಗೆ ‘ಸೊನ್ನೆ ಬಂದರೆ ಅದು ತಪ್ಪಲ್ಲ’ ಎಂದು ಬರೆಯಿರಿ.

ಚೆಕ್‌ಮಾರ್ಜಿನ್ ಬಗ್ಗೆ ಬರೆಯುವಾಗ ಕಾರಣ ಬಿಡಬೇಡಿ. ಒಳ ಮಾರ್ಜಿನ್ 15 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ನೀವು ಕೋಡಿನಲ್ಲಿ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಟೆಕ್‌ಗೆ ಆ ನಿಯಮ ಗೊತ್ತಿಲ್ಲ, ಅದು ನಿಮ್ಮ ಪ್ರೆಸ್ಸಿನ ನಿಯಮ. ಗಮ್ ಹಾಕಿ ಬೈಂಡಿಂಗ್ ಮಾಡುವುದರಿಂದ ಬಂದದ್ದು. ನಾಳೆ ಪಿನ್ ಹೊಡೆಯುವ 16 ಪುಟದ ಪುಸ್ತಿಕೆ ಬಂದರೆ ಅಷ್ಟು ಬೇಡ. ಕಾರಣ ಬರೆದಿದ್ದರೆ ಹುಡುಗ ತಾನೇ ತೀರ್ಮಾನ ಮಾಡುತ್ತಾನೆ. ಬರೆಯದಿದ್ದರೆ ಎರಡರಲ್ಲಿ ಒಂದು ಆಗುತ್ತದೆ: 15 ಎಂಬುದನ್ನು ದೇವರ ವಾಕ್ಯದ ಹಾಗೆ ಹಿಡಿದುಕೊಳ್ಳುತ್ತಾನೆ, ಅಥವಾ ಸುಮ್ನೆ ಅಳಿಸಿಬಿಡುತ್ತಾನೆ. ಸಾಲಿನ ಅಂತರಕ್ಕೂ ಇದೇ ಮಾತು. ‘ರಾಷ್ಟ್ರ’, ‘ಸ್ತ್ರೀ’ ಇಂಥ ಶಬ್ದಗಳ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ ಎಂದು 12 ಪಾಯಿಂಟಿನ ಅಕ್ಷರಕ್ಕೆ ನಾನು 16ಕ್ಕಿಂತ ಕಡಿಮೆ ಅಂತರ ಬಿಡುವುದಿಲ್ಲ. ಇಂಗ್ಲಿಷ್ ಪುಟ ಮಾಡಿ ಬಂದವರಿಗೆ ಇದು ಕಾಗದ ದಂಡ ಮಾಡಿದ ಹಾಗೆ ಕಾಣಬಹುದು. ಒತ್ತಕ್ಷರ ಎಂಬ ಒಂದು ಶಬ್ದ ಕಾಮೆಂಟಿನಲ್ಲಿ ಇದ್ದರೆ ಆ ಜಗಳ ಇಲ್ಲ. ಇನ್ನೊಂದು, ಚೆಕ್‌ಮಾರ್ಜಿನ್‌ಗೆ ಪುಟದ ಅಗಲ ಮೊದಲೇ ಗೊತ್ತಿರಬೇಕು ಅಲ್ವಾ? ಡೆಮಿ 1/8 (ಪುಸ್ತಕದ ಒಂದು ಅಳತೆ) ಎಂದು ಕಾಗದ ನಿಗದಿ ಮಾಡುವ ಮೊದಲೇ ಯಾರಾದರೂ ಅದನ್ನು ಕಾಲ್ ಮಾಡಿದರೆ ಅದು ಬೇರೆ ಯಾವುದೋ ಅಗಲದ ಮೇಲೆ ಲೆಕ್ಕ ಹಾಕುತ್ತದೆ. ‘ಪುಟದ ಅಳತೆ ಹಾಕಿದ ಮೇಲೆ ಮಾತ್ರ’ ಎಂದು ಬರೆಯಿರಿ.

ಹಿಗ್ಗುವ ಕುಗ್ಗುವ ಅಳತೆ, ಅಂದರೆ ‘6 ಪಾಯಿಂಟ್, ಬೇಕಾದರೆ 2 ಹಿಗ್ಗಲಿ, 1 ಕುಗ್ಗಲಿ’ ಎಂಬಂಥದ್ದು, ನಿಮ್ಮ ಕೆಲಸಕ್ಕೆ ಬೇಡ ಎನಿಸುತ್ತದೆ. ಬೇಡ ಎಂದೇ ಬರೆಯಿರಿ. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ಹೆಸರಿನಲ್ಲೇ ಬೇರೆ ಮಾಡಿವೆ. ಹೆಚ್ಚಾಗಿ ಲುವಾದಲ್ಲೇ ಬರೆದ ಸೈಲ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಬರೀ ಅಳತೆ ಒಂದು ಬಗೆ, ಹಿಗ್ಗು ಕುಗ್ಗು ಸೇರಿದ ಅಳತೆ ಇನ್ನೊಂದು ಬಗೆ. ಟೈಪ್ಸ್ಟ್‌ನಲ್ಲೂ ಅಳತೆ, ಶೇಕಡಾ ಸೇರಿದ ಅಳತೆ, ಉಳಿದ ಜಾಗದ ಪಾಲು ಇವೆಲ್ಲ ಬೇರೆ ಬೇರೆ. ಹೀಗೆ ಬಗೆ ಬೇರೆ ಇದ್ದರೆ ಡಾಕ್ಯುಮೆಂಟೇಶನ್ ಅರ್ಧ ಹಗುರ.

ಈಗ ಇದೆಲ್ಲ ಸೇರಿ ರೀಡ್‌ಲೆಂಗ್ತ್‌ಗೆ ನಾನಾದರೆ ಹೀಗೆ ಬರೆಯುತ್ತಿದ್ದೆ:

ಆಪರೇಟರ್ ಟೈಪ್ ಮಾಡಿದ ಅಳತೆಯನ್ನು ಸ್ಕೇಲ್ಡ್ ಪಾಯಿಂಟ್‌ಗೆ ಬದಲಿಸುತ್ತದೆ. ಪುಟಕ್ಕೆ ಹೊಂದುತ್ತದಾ ಎಂದು ನೋಡುವುದಿಲ್ಲ, ಅದು ಚೆಕ್‌ಮಾರ್ಜಿನ್‌ನ ಕೆಲಸ.
ಕೊಡಬೇಕಾದ್ದು: ಸ್ಟ್ರಿಂಗ್ ಮಾತ್ರ. ಬರೀ ಸಂಖ್ಯೆ ಕೊಟ್ಟರೆ ನಿಲ್.
ಯೂನಿಟ್: ಎಂಎಂ, ಸಿಎಂ, ಇಂಚು, ಪಿಟಿ (ಇಂಚಿಗೆ 72.27), ಬಿಪಿ (ಇಂಚಿಗೆ 72). ಸೊನ್ನೆಗೂ ಯೂನಿಟ್ ಬೇಕು. ಎಮ್, ಇಎಕ್ಸ್ ಇಲ್ಲ, ಫಾಂಟ್ ಬದಲಾದರೆ ಉತ್ತರ ಬದಲಾಗುತ್ತದೆ ಎಂಬ ಕಾರಣಕ್ಕೆ.
ಅಂಕಿ: ಇಂಗ್ಲಿಷ್, ಕನ್ನಡ ಎರಡೂ ಆಗುತ್ತದೆ. ದಶಾಂಶಕ್ಕೆ ಚುಕ್ಕಿ ಮಾತ್ರ. ಟೆಕ್ ಅಲ್ಪವಿರಾಮ ಒಪ್ಪುತ್ತದೆ, ನಾವು ಒಪ್ಪುವುದಿಲ್ಲ.
ಸಿಗುವುದು: ಪೂರ್ಣಾಂಕ. ಸೊನ್ನೆಯೂ ಋಣ ಸಂಖ್ಯೆಯೂ ಬರಬಹುದು, ತಪ್ಪಲ್ಲ.
ತಪ್ಪಿದ್ದರೆ: ನಿಲ್, ಜೊತೆಗೆ ಕನ್ನಡದಲ್ಲಿ ಒಂದು ಸಾಲು. ಕೆಲಸ ನಿಲ್ಲಿಸುವುದಿಲ್ಲ.
ಉದಾಹರಣೆ: 1 ಇಂಚು ಕೊಟ್ಟರೆ 4736286. 18 ಎಂಎಂ ಕೊಟ್ಟರೆ 3356423. ೧೮ ಎಂಎಂ ಕೊಟ್ಟರೂ ಅದೇ. ಬರೀ 18 ಕೊಟ್ಟರೆ ನಿಲ್, ‘ಯೂನಿಟ್ ಹಾಕಿಲ್ಲ’. 2 ಎಮ್ ಕೊಟ್ಟರೆ ನಿಲ್, ‘ಇಲ್ಲಿ ಎಮ್ ನಡೆಯುವುದಿಲ್ಲ, ಎಂಎಂ ಹಾಕಿ’.

ಎಷ್ಟು ಬರೆಯಬೇಕು ಎಂದಿರಲ್ಲ, ಇಷ್ಟು. ಕೋಡಿಗಿಂತ ಕಾಮೆಂಟ್ ಉದ್ದ ಆಯಿತು ಎಂದು ಅನಿಸಬಹುದು. ಪರೀಕ್ಷೆ ಮಾಡುವ ಫಂಕ್ಷನ್‌ಗೆ ಅದು ಸಹಜ, ಕೋಡು ಐದಾರು ಸಾಲು ಇರುತ್ತದೆ, ಅದರ ಹಿಂದಿನ ತೀರ್ಮಾನ ಹತ್ತಾರು. ಇದನ್ನು ಎಲ್‌ಡಾಕ್ ಎಂಬ ಡಾಕ್ಯುಮೆಂಟೇಶನ್ ಸಾಫ್ಟ್‌ವೇರ್ ಓದುವ ರೀತಿಯಲ್ಲಿ, ಮೂರು ಅಡ್ಡಗೆರೆಯಿಂದ ಶುರುವಾಗುವ ಕಾಮೆಂಟ್ ಮಾಡಿ ಬರೆದರೆ ಪ್ಯಾರಮ್, ರಿಟರ್ನ್, ಯೂಸೇಜ್ ಎಂಬ ಟ್ಯಾಗ್‌ಗಳಿಂದ ಅದೇ ವೆಬ್ ಪುಟ ಮಾಡಿಕೊಡುತ್ತದೆ. ಮೂರು ಫಂಕ್ಷನ್‌ಗೆ ಅದು ಬೇಕೇಬೇಕು ಎಂದೇನಿಲ್ಲ. ಅದಕ್ಕಿಂತ ಆ ಉದಾಹರಣೆಗಳನ್ನು ಒಂದು ಸಣ್ಣ ಫೈಲಿನಲ್ಲಿ ಹಾಕಿ, ಕೋಡ್ ಮುಟ್ಟಿದಾಗಲೆಲ್ಲ ಓಡಿಸಿ ನೋಡುವುದು ಹೆಚ್ಚು ಉಪಯೋಗ. ಕೋಡ್ ಬದಲಾಗಿ ಕಾಮೆಂಟ್ ಹಳತಾಗಿ ಉಳಿದರೆ ಆ ಕಾಮೆಂಟ್ ಇಲ್ಲದಿರುವುದೇ ವಾಸಿ. ಉದಾಹರಣೆ ಓಡುತ್ತಿದ್ದರೆ ಹಳತಾದದ್ದು ಅದೇ ದಿನ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ ಕೊನೆಗೆ ಕೇಳಿದ್ದೀರಿ. ಕನ್ನಡದಲ್ಲೇ ಬರೆಯಿರಿ. ಓದುವವರು ನಿಮ್ಮ ಹುಡುಗ, ನಿಮ್ಮ ಆಪರೇಟರ್‌ಗಳು. ಲುವಾದ ಕಾಮೆಂಟಿನಲ್ಲಿ ಕನ್ನಡ ಇದ್ದರೆ ಕೋಡಿಗೆ ಏನೂ ಆಗುವುದಿಲ್ಲ, ಫೈಲ್ ಯುಟಿಎಫ್-8ನಲ್ಲಿ ಸೇವ್ ಆಗಿದ್ದರೆ ಸಾಕು. ಯೂನಿಟ್ ಹೆಸರು, ಫಂಕ್ಷನ್ ಹೆಸರು ಇವನ್ನು ಮಾತ್ರ ಟೈಪ್ ಮಾಡುವಾಗ ಹೇಗೆ ಮಾಡಬೇಕೋ ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬಿಡಿ, ನಾನು ಇಲ್ಲಿ ಓದಲು ಸುಲಭ ಆಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಪಾಯಿಂಟ್, ಮಾರ್ಜಿನ್, ಯೂನಿಟ್ ಇವಕ್ಕೆಲ್ಲ ಹೊಸ ಶಬ್ದ ಕಟ್ಟಲು ಹೋಗಬೇಡಿ, ಪ್ರೆಸ್ಸಿನಲ್ಲಿ ಎಲ್ಲರೂ ಆಡುವ ಮಾತೇ ಇರಲಿ. ಎರರ್ ಸಂದೇಶ ಕನ್ನಡದಲ್ಲಿ ಇದ್ದೇ ಇರಬೇಕು. ‘ತಪ್ಪು ಅಳತೆ’ ಎಂದಷ್ಟೇ ಅಲ್ಲ, ಏನು ಬಂತು, ಏನು ಬೇಕಿತ್ತು ಎರಡೂ ಅದರಲ್ಲಿರಲಿ: ‘ಒಳ ಮಾರ್ಜಿನ್‌ಗೆ 18 ಎಂದು ಬಂದಿದೆ, ಯೂನಿಟ್ ಇಲ್ಲ, 18 ಎಂಎಂ ಎಂದು ಹಾಕಿ’. ರಾತ್ರಿ ಹನ್ನೊಂದು ಗಂಟೆಗೆ, ಬೆಳಿಗ್ಗೆ ಪ್ಲೇಟ್ ಹೋಗಬೇಕಾದ ಕೆಲಸ ಮಾಡುತ್ತಾ ಕೂತವರು ನಿಮ್ಮ ಕಾಮೆಂಟ್ ತೆರೆದು ಓದುವುದಿಲ್ಲ, ಸ್ಕ್ರೀನಿನಲ್ಲಿ ಬಂದ ಆ ಒಂದು ಸಾಲನ್ನು ಓದುತ್ತಾರೆ.